ನಿಂಬೆ, ಬಾಳೆ ಮತ್ತು ಬೆನ್ನುಹುರಿ: ಭ್ರೂಣದೋಷ ಪತ್ತೆಯ ಒಂದು ಅಧ್ಯಾಯ

ಅಲ್ಟ್ರಾಸೌಂಡ್‌ನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಯಂತ್ರದಿಂದಲೇ ಆರಂಭಿಸುತ್ತಾರೆ. ಗ್ಲಾಸ್ಗೋದ ಪ್ರಸೂತಿತಜ್ಞ ಇಯಾನ್ ಡೊನಾಲ್ಡ್, ಲೋಹದ ಬಿರುಕು ಹುಡುಕುವ ಕಾರ್ಖಾನೆಯ ಸಾಧನವನ್ನು ಹೊಟ್ಟೆಯ ಗಡ್ಡೆಗಳ ಪರೀಕ್ಷೆಗೆ ಒಗ್ಗಿಸಿದರು. ಜಾನ್ ಮ್ಯಾಕ್‌ವಿಕರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಜೊತೆ ಅವರು 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಮೈಲಿಗಲ್ಲೇ ಸರಿ. ಆದರೆ ಅಪರೂಪದ ಭ್ರೂಣದೋಷಗಳ ಮಟ್ಟಿಗೆ ಯಂತ್ರದ ಕಥೆ ಅರ್ಧ ಮಾತ್ರ. ಎಲ್ಲಿ ನೋಡಬೇಕೆಂಬ ಅರಿವು ಮೂಡಲು ಇನ್ನೂ ಸುಮಾರು ಮೂರು ದಶಕ ಹಿಡಿಯಿತು. ಮೆದುಳು, ಬೆನ್ನುಹುರಿಗಳಾಗಿ ಬೆಳೆಯುವ ನರನಾಳ ಪೂರ್ತಿ ಮುಚ್ಚದ ದೋಷಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

1972ರಲ್ಲಿ ಸ್ಟುವರ್ಟ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ತಲೆಬುರುಡೆಯೇ ಬೆಳೆಯದ ಅನೆನ್ಸೆಫಲಿಯನ್ನು 17ನೇ ವಾರದಲ್ಲಿ ಗುರುತಿಸಿದರು. ಅದೇ ವರ್ಷ ಬ್ರಾಕ್ ಮತ್ತು ಸಟ್‌ಕ್ಲಿಫ್, ಇಂಥ ಭ್ರೂಣ ಹೊತ್ತ ಬಸುರಿಯರ ಗರ್ಭಜಲದಲ್ಲಿ ಆಲ್ಫಾ ಫೀಟೊಪ್ರೋಟೀನ್ ಎಂಬ ಪ್ರೋಟೀನ್ ಹೆಚ್ಚಿರುವುದನ್ನು ತೋರಿಸಿದರು. ಇವೆರಡೂ ಬ್ರಿಟನ್ನಿನಲ್ಲೇ ನಡೆದದ್ದು ಆಕಸ್ಮಿಕವಲ್ಲ ಎಂದು ನನಗನ್ನಿಸುತ್ತದೆ: ಆಗ ಅಲ್ಲಿ ನರನಾಳದ ದೋಷಗಳ ಪ್ರಮಾಣ ಬೇರೆಡೆಗಿಂತ ಹೆಚ್ಚಿತ್ತು. ಅಪರೂಪದ್ದನ್ನು ಗುರುತಿಸುವ ವಿದ್ಯೆ, ಅದು ಅಷ್ಟೇನೂ ಅಪರೂಪವಲ್ಲದ ಕಡೆ ಬೆಳೆಯಿತು.

ಬುರುಡೆ ಇಲ್ಲದಿದ್ದರೆ ಎದ್ದು ಕಾಣುತ್ತದೆ. ಬೆನ್ನುಮೂಳೆಯ ಒಂದೆರಡು ಕಶೇರುಗಳು ತೆರೆದಿದ್ದರೆ ಹಾಗಲ್ಲ. ಭ್ರೂಣ ಬೆನ್ನು ತಿರುಗಿಸಿ ಗರ್ಭಾಶಯದ ಗೋಡೆಗೆ ಒರಗಿದ್ದರಂತೂ ಮುಗಿಯಿತು. 1975ರ ಹೊತ್ತಿಗೆ ಕ್ಯಾಂಪ್‌ಬೆಲ್ ತಂಡ ಸ್ಪೈನಾ ಬೈಫಿಡಾ ಎಂಬ ಈ ತೆರೆದ ಬೆನ್ನಿನ ದೋಷವನ್ನೂ ಪತ್ತೆ ಮಾಡಿತ್ತಾದರೂ ಅದು ಪಳಗಿದ ಕೈಗೆ ಮಾತ್ರ ಸಾಧ್ಯವಾಗಿತ್ತು. ತಿರುವು ಬಂದದ್ದು 1986ರಲ್ಲಿ. ಲಂಡನ್ನಿನ ಕಿಪ್ರೋಸ್ ನಿಕೊಲೈಡಿಸ್, ಕ್ಯಾಂಪ್‌ಬೆಲ್ ಮೊದಲಾದವರು ಬೆನ್ನನ್ನು ಬಿಟ್ಟು ತಲೆಯನ್ನು ನೋಡಿದರು. ಬೆನ್ನು ತೆರೆದಿರುವ ಭ್ರೂಣದಲ್ಲಿ ಹಿಂಮೆದುಳು ಕೆಳಕ್ಕೆ ಸರಿದು, ಕಿರುಮೆದುಳು ಬಾಳೆಹಣ್ಣಿನಂತೆ ಬಾಗುತ್ತದೆ. ಹಣೆಯ ಮೂಳೆಗಳು ಒಳಕ್ಕೆ ತಗ್ಗಿ ಬುರುಡೆಯ ಅಡ್ಡಸೀಳು ನಿಂಬೆಹಣ್ಣಿನಂತೆ ಕಾಣುತ್ತದೆ. ‘ನಿಂಬೆ ಚಿಹ್ನೆ’, ‘ಬಾಳೆ ಚಿಹ್ನೆ’ ಎಂಬ ಹೆಸರುಗಳು ಇಂದಿಗೂ ಉಳಿದಿವೆ. ತಲೆಯ ಅಳತೆಯನ್ನು ಎಲ್ಲ ಬಸುರಿಯರಿಗೂ ಹೇಗೂ ತೆಗೆಯುತ್ತಿದ್ದುದರಿಂದ ಸಾಮಾನ್ಯ ಸ್ಕ್ಯಾನ್‌ನಲ್ಲೇ ಸುಳಿವು ಸಿಗುವಂತಾಯಿತು. ಒಂದು ಮಿತಿಯುಂಟು: ನಿಂಬೆ ಚಿಹ್ನೆ 24ನೇ ವಾರದ ನಂತರ ಬಹುತೇಕ ಮಾಯವಾಗುತ್ತದೆ, ಕೆಲವು ಆರೋಗ್ಯವಂತ ಭ್ರೂಣಗಳಲ್ಲೂ ಕಾಣಿಸುತ್ತದೆ.

ನೋಡುವವರ ಪರಿಣತಿ ಎಷ್ಟು ಮುಖ್ಯ ಎಂಬುದಕ್ಕೆ 1990ರ ಹೆಲ್ಸಿಂಕಿ ಸ್ಕ್ಯಾನ್ ಪ್ರಯೋಗಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಡ. ಒಂದೇ ಊರಿನ ಎರಡು ಆಸ್ಪತ್ರೆಗಳ ಪೈಕಿ ಒಂದರಲ್ಲಿ ದೋಷಗಳಲ್ಲಿ ಸುಮಾರು ಶೇಕಡ 36 ಪತ್ತೆಯಾದರೆ, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸುಮಾರು ಶೇಕಡ 77. ಅಮೆರಿಕದಲ್ಲಿ 15,000ಕ್ಕೂ ಹೆಚ್ಚು ಬಸುರಿಯರನ್ನು ಒಳಗೊಂಡು 1993ರಲ್ಲಿ ಪ್ರಕಟವಾದ ‘ರೇಡಿಯಸ್’ ಅಧ್ಯಯನದಲ್ಲಿ, ಸ್ಕ್ಯಾನ್‌ಗೆ ಒಳಗಾದ ಗುಂಪಿನಲ್ಲೂ 24 ವಾರದೊಳಗೆ ಸಿಕ್ಕ ದೋಷಗಳು ಸುಮಾರು ಶೇಕಡ 17 ಮಾತ್ರ. ಆ ಅಧ್ಯಯನದಿಂದ ಸ್ಕ್ಯಾನ್ ನಿಷ್ಪ್ರಯೋಜಕ ಎಂದು ವಾದಿಸಿದವರು ಹೆಲ್ಸಿಂಕಿಯ ಅಂತರವನ್ನು ಗಮನಿಸಬೇಕಿತ್ತು.

ಭಾರತದಲ್ಲಿ ಇದೇ ಯಂತ್ರ ಬೇರೊಂದು ಕಾರಣಕ್ಕೆ ಕಾನೂನಿನ ಕಣ್ಣಿಗೆ ಬಿತ್ತು. ಲಿಂಗಪತ್ತೆ ತಡೆಯುವ 1994ರ ಕಾಯ್ದೆ 1996ರಲ್ಲಿ ಜಾರಿಗೆ ಬಂದು, 2003ರಲ್ಲಿ ಬಿಗಿಯಾಯಿತು. ಗರ್ಭಪಾತದ 1971ರ ಕಾಯ್ದೆಯ 20 ವಾರಗಳ ಗಡುವು ಮಾತ್ರ ಹಾಗೆಯೇ ಉಳಿಯಿತು. ಅಂಗದೋಷ ನೋಡುವ ಸ್ಕ್ಯಾನ್ ನಡೆಯುವುದೇ 18ರಿಂದ 20ನೇ ವಾರದ ಆಸುಪಾಸು; ದೋಷ ತಡವಾಗಿ ಗೊತ್ತಾದ ದಂಪತಿಗಳು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2021ರ ತಿದ್ದುಪಡಿಯ ನಂತರ, ಗಂಭೀರ ಭ್ರೂಣದೋಷವಿದೆ ಎಂದು ವೈದ್ಯಕೀಯ ಮಂಡಳಿ ದೃಢಪಡಿಸಿದರೆ ವಾರಗಳ ಮಿತಿ ಅನ್ವಯಿಸುವುದಿಲ್ಲ.