ಮೆಕಾಂಗ್ ನದಿ ಆಯೋಗ ಮತ್ತು ದಾನಿ ರಾಷ್ಟ್ರಗಳು: ನೆರವಿನ ಚರಿತ್ರೆಯೊಂದರ ಅವಲೋಕನ

ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟುವ ಮೆಕಾಂಗ್ ನದಿಯು ಚೀನಾ, ಮ್ಯಾನ್ಮಾರ್, ಲಾವೋಸ್, ಥಾಯ್ಲೆಂಡ್, ಕಾಂಬೋಡಿಯಾ ಹಾಗೂ ವಿಯೆಟ್ನಾಂಗಳ ಮೂಲಕ 4,000 ಕಿ.ಮೀ.ಗೂ ಹೆಚ್ಚು ದೂರ ಹರಿದು ದಕ್ಷಿಣ ಚೀನಾ ಸಮುದ್ರವನ್ನು ಸೇರುತ್ತದೆ. ಥಾಯ್ ಮತ್ತು ಲಾವೋ ಭಾಷೆಗಳಲ್ಲಿ ನದಿಗೆ ಇರುವ ಪದದ ಅರ್ಥ ‘ತಾಯಿ ನೀರು’. ಈ ತಾಯಿಯ ನೀರನ್ನು ಹಂಚಿಕೊಂಡಿರುವ ನಾಡುಗಳು ಕೂಡಿ ಕಟ್ಟಿಕೊಂಡ ಸಂಸ್ಥೆಯೊಂದು ಆರು ದಶಕಗಳಿಗೂ ಹೆಚ್ಚು ಕಾಲ ಬಹುಮಟ್ಟಿಗೆ ದೂರದ ದೇಶಗಳ ಹಣದಿಂದ ನಡೆದುಬಂದಿತೆಂಬುದು ಆಧುನಿಕ ಏಷ್ಯಾದ ಚರಿತ್ರೆಯಲ್ಲಿ ಗಮನಾರ್ಹ ಸಂಗತಿ. ದಾನಿ ರಾಷ್ಟ್ರಗಳು ಯಾವುದಕ್ಕೆ ಹಣ ಕೊಟ್ಟವು, ಆ ಹಣದಿಂದ ಸಾಧ್ಯವಾದದ್ದೇನು, ಸಾಧ್ಯವಾಗದೆ ಉಳಿದದ್ದೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸಮಿತಿಯ ಹುಟ್ಟು

1957ರಲ್ಲಿ ಕಾಂಬೋಡಿಯಾ, ಲಾವೋಸ್, ಥಾಯ್ಲೆಂಡ್ ಮತ್ತು ಅಂದಿನ ದಕ್ಷಿಣ ವಿಯೆಟ್ನಾಂ ಸೇರಿ ಮೆಕಾಂಗ್ ಸಮಿತಿಯನ್ನು ಸ್ಥಾಪಿಸಿದವು. ಬ್ಯಾಂಕಾಕಿನಲ್ಲಿದ್ದ ವಿಶ್ವಸಂಸ್ಥೆಯ ಏಷ್ಯಾ ಮತ್ತು ದೂರಪ್ರಾಚ್ಯ ಆರ್ಥಿಕ ಆಯೋಗವು ಇದಕ್ಕೆ ಆಸರೆಯಾಗಿತ್ತು. ಆ ಆಯೋಗದ ಕಾರ್ಯನಿರ್ವಾಹಕ ಕಾರ್ಯದರ್ಶಿಯಾಗಿದ್ದವರು ಭಾರತದ ಸಿ.ವಿ. ನರಸಿಂಹನ್. ಅಮೆರಿಕದ ನಿವೃತ್ತ ಸೇನಾ ಎಂಜಿನಿಯರ್ ರೇಮಂಡ್ ವೀಲರ್ ಅವರ ನೇತೃತ್ವದ ತಜ್ಞರ ತಂಡವು ನದಿಯನ್ನು ಪರಿಶೀಲಿಸಿ, ಅಣೆಕಟ್ಟುಗಳಿಗೆ ಮೊದಲು ನದಿಯ ಮೂಲಭೂತ ಅಳತೆಗಳು ಬೇಕೆಂದು ಸೂಚಿಸಿತು. ಮಳೆ, ಹರಿವು, ಹೂಳು, ನೆಲದ ಎತ್ತರ ಇವುಗಳಲ್ಲಿ ಯಾವುದಕ್ಕೂ ಆಗ ತೃಪ್ತಿಕರವಾದ ದಾಖಲೆ ಇರಲಿಲ್ಲ.

ದಾನಿ ರಾಷ್ಟ್ರಗಳ ಪ್ರವೇಶವಾದದ್ದು ಈ ಹಂತದಲ್ಲಿ. ಒಂದೊಂದು ದೇಶವೂ ಒಂದೊಂದು ಕೆಲಸವನ್ನು ವಹಿಸಿಕೊಂಡಿತು. ಜಲಮಾಪನದ ಕೆಲಸಕ್ಕೆ ಅಮೆರಿಕ ನೆರವಾಯಿತು. ಕೆನಡಾ ವೈಮಾನಿಕ ಸಮೀಕ್ಷೆಯಿಂದ ನಕ್ಷೆಗಳನ್ನು ಸಿದ್ಧಪಡಿಸಿತು. ಜಪಾನ್ ಉಪನದಿಗಳ ಪ್ರಾಥಮಿಕ ಸಮೀಕ್ಷೆಯನ್ನೂ ಆಸ್ಟ್ರೇಲಿಯಾ ಅಣೆಕಟ್ಟಿನ ನೆಲೆಗಳ ಭೂವೈಜ್ಞಾನಿಕ ಪರೀಕ್ಷೆಯನ್ನೂ ಕೈಗೊಂಡವು. ಬಡತನದಿಂದ ಇನ್ನೂ ಹೊರಬಂದಿರದ ಭಾರತವೂ ಹಿಂದುಳಿಯದೆ, ಕಾಂಬೋಡಿಯಾದ ಟೋನ್ಲೆ ಸಾಪ್ ಅಡ್ಡಕಟ್ಟೆಯ ಪರಿಶೀಲನೆ ಹಾಗೂ ವಿನ್ಯಾಸದ ಕಾರ್ಯದಲ್ಲಿ ಪಾಲುಗೊಂಡಿತು. ಫೋರ್ಡ್ ಪ್ರತಿಷ್ಠಾನದ ಬೆಂಬಲದಿಂದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ ಅವರ ತಂಡವು 1961-62ರಲ್ಲಿ ಯೋಜನೆಯ ಸಾಮಾಜಿಕ ಹಾಗೂ ಆರ್ಥಿಕ ಮುಖಗಳನ್ನು ಅಧ್ಯಯನ ಮಾಡಿತು. ಈ ಸಹಕಾರವನ್ನು ಮನ್ನಿಸಿ 1966ರಲ್ಲಿ ಸಮಿತಿಗೂ ಅದರೊಡನೆ ಸಹಕರಿಸಿದ ಸಂಸ್ಥೆಗಳಿಗೂ ಅಂತರರಾಷ್ಟ್ರೀಯ ಸೌಹಾರ್ದಕ್ಕಾಗಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು.

ನೆರವು ನಿಃಸ್ವಾರ್ಥವಾಗಿತ್ತೆಂದು ಇದರಿಂದ ಭಾವಿಸಬೇಕಿಲ್ಲ. ಶೀತಲ ಸಮರದ ಆ ದಿನಗಳಲ್ಲಿ ನದಿಯ ಅಭಿವೃದ್ಧಿಯು ಕಮ್ಯುನಿಸಂ ವಿರುದ್ಧದ ರಾಜಕಾರಣದ ಭಾಗವೂ ಆಗಿತ್ತು. 1965ರ ಏಪ್ರಿಲ್ 7ರಂದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಭಾಷಣದಲ್ಲಿ ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಆಗ್ನೇಯ ಏಷ್ಯಾದ ಅಭಿವೃದ್ಧಿಗೆ 100 ಕೋಟಿ ಡಾಲರ್ ನೆರವಿನ ಪ್ರಸ್ತಾಪವನ್ನು ಮುಂದಿಟ್ಟು, ಮೆಕಾಂಗ್ ನದಿಯನ್ನು ವಿಶೇಷವಾಗಿ ಹೆಸರಿಸಿದರು. ವಿಯೆಟ್ನಾಮಿನ ಮೇಲೆ ಬಾಂಬುಗಳು ಬೀಳುತ್ತಿದ್ದುದೂ ಅದೇ ಕಾಲದಲ್ಲಿ. ಯುದ್ಧದ ನಡುವೆಯೇ ಲಾವೋಸಿನ ನಾಮ್ ಗುಮ್ ಅಣೆಕಟ್ಟು ಹಲವು ದೇಶಗಳ ಹಣದಿಂದ, ವಿಶ್ವಬ್ಯಾಂಕಿನ ಮೇಲ್ವಿಚಾರಣೆಯಲ್ಲಿ ನಿರ್ಮಾಣಗೊಂಡು, 1971ರಲ್ಲಿ ಮೊದಲ ಹಂತವನ್ನು ಪೂರೈಸಿತು. ಗಡಿಯಾಚೆಗಿನ ಥಾಯ್ಲೆಂಡಿಗೆ ವಿದ್ಯುತ್ ಹರಿಯಿತು. ಹಗೆತನದ ನಡುವೆಯೂ ಉಳಿದ ಈ ಸಹಕಾರವನ್ನು ‘ಮೆಕಾಂಗ್ ಚೈತನ್ಯ’ವೆಂದು ಕರೆಯುವುದು ರೂಢಿಯಾಯಿತು.

ಸಮಿತಿಯಿಂದ ಆಯೋಗಕ್ಕೆ

1975ರ ರಾಜಕೀಯ ಪಲ್ಲಟಗಳ ನಂತರ ಕಾಂಬೋಡಿಯಾ ಸಮಿತಿಯಿಂದ ದೂರ ಸರಿಯಿತು. ಉಳಿದ ಮೂರು ದೇಶಗಳು 1978ರಲ್ಲಿ ತಾತ್ಕಾಲಿಕ ಸಮಿತಿಯೊಂದನ್ನು ರಚಿಸಿಕೊಂಡವು. 1991ರಲ್ಲಿ ಕಾಂಬೋಡಿಯಾ ಮರಳಿ ಬರಲು ಬಯಸಿದಾಗ ಹಳೆಯ ನಿಯಮಗಳ ಪ್ರಶ್ನೆ ಎದ್ದಿತು. ಮುಖ್ಯ ನದಿಯ ನೀರಿನ ಬಳಕೆಗೆ ಎಲ್ಲರ ಒಪ್ಪಿಗೆ ಬೇಕೆಂಬ 1975ರ ಕಟ್ಟಳೆಯನ್ನು ಥಾಯ್ಲೆಂಡ್ ಒಪ್ಪಲಿಲ್ಲ. ಮಾತುಕತೆ ಮುರಿಯುವ ಹಂತಕ್ಕೆ ಬಂದಾಗ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಮಧ್ಯಸ್ಥಿಕೆ ವಹಿಸಿತು. ಇದರ ಫಲವಾಗಿ 1995ರ ಏಪ್ರಿಲ್ 5ರಂದು ಥಾಯ್ಲೆಂಡಿನ ಚಿಯಾಂಗ್ ರಾಯ್‌ನಲ್ಲಿ ನಾಲ್ಕು ದೇಶಗಳು ಸಹಿ ಹಾಕಿದ ಒಪ್ಪಂದದಿಂದ ಇಂದಿನ ಮೆಕಾಂಗ್ ನದಿ ಆಯೋಗವು ಅಸ್ತಿತ್ವಕ್ಕೆ ಬಂದಿತು. ಚೀನಾ ಮತ್ತು ಮ್ಯಾನ್ಮಾರ್ ಸದಸ್ಯರಾಗದೆ 1996ರಿಂದ ಸಂವಾದದ ಪಾಲುದಾರರಾಗಿ ಮಾತ್ರ ಉಳಿದವು.

ಹೊಸ ಒಪ್ಪಂದದಲ್ಲಿ ಮುಖ್ಯ ನದಿಯ ಯೋಜನೆಗಳಿಗೆ ಪೂರ್ವ ಸಮಾಲೋಚನೆ ಕಡ್ಡಾಯವಾಯಿತು. ಆದರೆ ಒಂದು ದೇಶದ ಯೋಜನೆಯನ್ನು ತಡೆಯುವ ಅಧಿಕಾರ ಇನ್ನೊಂದಕ್ಕಾಗಲಿ, ಆಯೋಗಕ್ಕಾಗಲಿ ದೊರೆಯಲಿಲ್ಲ. ಮುಂದಿನ ಬೆಳವಣಿಗೆಗಳ ಬೀಜ ಇಲ್ಲಿಯೇ ಇದೆ.

ಜನಪದ ಜ್ಞಾನಕ್ಕೆ ದೊರೆತ ಮನ್ನಣೆ

ಆಯೋಗದ ಕಾಲದಲ್ಲಿ ನೆರವಿನ ಸ್ವರೂಪ ಬದಲಾಯಿತು. ಡೆನ್ಮಾರ್ಕ್, ಸ್ವೀಡನ್, ಫಿನ್ಲೆಂಡ್, ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರೇಲಿಯಾ, ಜಪಾನ್, ಫ್ರಾನ್ಸ್ ಮೊದಲಾದ ದೇಶಗಳು ಮೀನುಗಾರಿಕೆ, ಪರಿಸರ, ಪ್ರವಾಹ ಮುನ್ಸೂಚನೆಗಳಿಗೆ ಹಣ ಒದಗಿಸಿದವು. ಇವುಗಳಲ್ಲಿ ಡೆನ್ಮಾರ್ಕಿನ ನೆರವಿನಿಂದ ನಡೆದ ಮೀನುಗಾರಿಕಾ ಕಾರ್ಯಕ್ರಮವು ಜಾನಪದ ಅಧ್ಯಯನದ ದೃಷ್ಟಿಯಿಂದ ಬಹು ಮುಖ್ಯವಾದುದು. ಕೆಳ ಮೆಕಾಂಗ್ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಮೀನು ದೊರೆಯುತ್ತದೆಂದು ಆಯೋಗ ಅಂದಾಜಿಸಿದೆ. ಆದರೆ ಯಾವ ಮೀನು ಯಾವ ತಿಂಗಳಲ್ಲಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಎಲ್ಲಿ ಮೊಟ್ಟೆಯಿಡುತ್ತದೆ ಎಂಬ ತಿಳಿವಳಿಕೆ ತಜ್ಞರಿಗಿಂತ ಹೆಚ್ಚಾಗಿ ಬಲೆ ಬೀಸುವವರಲ್ಲಿತ್ತು. ಈ ಕಾರ್ಯಕ್ರಮದವರು ನದಿಯುದ್ದಕ್ಕೂ ಅನುಭವಿ ಮೀನುಗಾರರನ್ನು ಸಂದರ್ಶಿಸಿ, ಅವರ ಮಾತುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಮೀನುಗಳ ವಲಸೆಯ ನಕ್ಷೆಯನ್ನು ರೂಪಿಸಿ 2000ದಲ್ಲಿ ಪ್ರಕಟಿಸಿದರು. ಓದುಬರಹ ಬಲ್ಲವರ ದಾಖಲೆಗೆ ಸಿಗದ ಸಂಗತಿಯು ಮೌಖಿಕ ಪರಂಪರೆಯಲ್ಲಿ ಭದ್ರವಾಗಿತ್ತೆಂಬುದಕ್ಕೆ ಇದೊಂದು ನಿದರ್ಶನ.

ನದಿಯ ಲಯವನ್ನು ಜನಪದರು ಆಚರಣೆಗಳಲ್ಲಿಯೂ ಕಾಪಾಡಿಕೊಂಡು ಬಂದಿದ್ದಾರೆ. ಮಳೆಗಾಲದಲ್ಲಿ ಮೆಕಾಂಗ್ ತುಂಬಿದಾಗ ಟೋನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿದು ಸರೋವರವನ್ನು ತುಂಬುತ್ತದೆ. ನೀರು ಮತ್ತೆ ಇಳಿಮುಖವಾಗುವ ಕಾಲಕ್ಕೆ ನಾಮ್ ಪೆನ್‌ನಲ್ಲಿ ದೋಣಿಯೋಟಗಳ ನೀರಹಬ್ಬ ನಡೆಯುತ್ತದೆ. ಥಾಯ್ಲೆಂಡಿನ ಚಿಯಾಂಗ್ ಖಾಂಗ್ ಪರಿಸರದ ಬೆಸ್ತರು ಬೃಹತ್ ಮೀನಾದ ‘ಪ್ಲಾ ಬುಕ್’ ಹಿಡಿಯುವ ಮುನ್ನ ಪೂಜೆ ಸಲ್ಲಿಸುತ್ತಿದ್ದರು. ಮೂನ್ ಉಪನದಿಯ ಪಾಕ್ ಮೂನ್ ಅಣೆಕಟ್ಟು 1994ರಲ್ಲಿ ಪೂರ್ಣಗೊಂಡ ಮೇಲೆ ಮೀನು ಕಡಿಮೆಯಾಯಿತೆಂದು ಅಲ್ಲಿಯ ಜನ ವರ್ಷಗಟ್ಟಲೆ ಹೋರಾಡಿದರು. 2001ರಲ್ಲಿ ಬಾಗಿಲುಗಳು ತೆರೆದಾಗ, ಮರಳಿ ಬಂದ ಮೀನುಗಳನ್ನು ಹಳ್ಳಿಗರೇ ಹೆಸರು ಹಿಡಿದು ದಾಖಲಿಸಿದರು. ‘ಥಾಯ್ ಬಾನ್’ ಅಂದರೆ ಹಳ್ಳಿಗರ ಸಂಶೋಧನೆ ಎಂದು ಹೆಸರಾದ ಈ ಪದ್ಧತಿಯು ಮುಂದೆ ಕಣಿವೆಯ ಬೇರೆಡೆಗಳಿಗೂ ಹಬ್ಬಿತು.

ನೆರವಿನ ಮಿತಿ

ಅರಿವು ಹೆಚ್ಚಿತು, ಆದರೆ ನಿರ್ಧಾರ ಬೇರೆಡೆ ಆಯಿತು. ಮುಖ್ಯ ನದಿಯ ಅಣೆಕಟ್ಟುಗಳನ್ನು 10 ವರ್ಷ ಮುಂದೂಡಬೇಕೆಂದು ಆಯೋಗವೇ ಮಾಡಿಸಿದ ಅಧ್ಯಯನವು 2010ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ಲಾವೋಸ್ 1,285 ಮೆಗಾವ್ಯಾಟ್ ಸಾಮರ್ಥ್ಯದ ಶಯಬುರಿ ಯೋಜನೆಯನ್ನು ಸಮಾಲೋಚನೆಗೆ ತಂದಿತು. 2011ರಲ್ಲಿ ಒಮ್ಮತ ಮೂಡಲಿಲ್ಲ. 2012ರ ನವೆಂಬರಿನಲ್ಲಿ ಕಾಮಗಾರಿಗೆ ವಿಧ್ಯುಕ್ತ ಚಾಲನೆ ದೊರೆಯಿತು. 2013ರ ಜನವರಿಯಲ್ಲಿ ಲುವಾಂಗ್ ಪ್ರಬಾಂಗ್‌ನಲ್ಲಿ ನಡೆದ ಆಯೋಗದ ಸಭೆಯಲ್ಲಿ ದಾನಿ ರಾಷ್ಟ್ರಗಳು ತಮ್ಮ ಆತಂಕವನ್ನು ವ್ಯಕ್ತಪಡಿಸಿದವು. ಆದರೆ ಅಣೆಕಟ್ಟಿನ ಹಣ ಅವರದಾಗಿರಲಿಲ್ಲ. ಥಾಯ್ ಬ್ಯಾಂಕುಗಳು ಸಾಲ ನೀಡಿದ್ದವು, ವಿದ್ಯುತ್ತಿನ ಬಹುಪಾಲು ಥಾಯ್ಲೆಂಡಿಗೆ ಮೀಸಲಾಗಿತ್ತು. 2019ರ ಅಕ್ಟೋಬರಿನಲ್ಲಿ ಉತ್ಪಾದನೆ ಆರಂಭವಾಯಿತು. ಅಧ್ಯಯನಕ್ಕೆ ಹಣ ಕೊಟ್ಟವರು ಒಬ್ಬರು, ಕಟ್ಟುವುದಕ್ಕೆ ಹಣ ಕೊಟ್ಟವರು ಇನ್ನೊಬ್ಬರು. ಹೀಗಾಗಿ ಅಧ್ಯಯನದ ಮಾತು ಕಟ್ಟಡದ ಕೆಲಸವನ್ನು ನಿಲ್ಲಿಸಲಾಗಲಿಲ್ಲ.

ಬಳಿಕ ದಾನಿಗಳ ಕೊಡುಗೆ ಕುಗ್ಗಿತು. 2016ರಿಂದ ಆಯೋಗವು ಸಿಬ್ಬಂದಿಯನ್ನು ಕಡಿತಗೊಳಿಸಿ, ಯೋಜನೆವಾರು ಹಣದ ಬದಲು ಸಾಮೂಹಿಕ ನಿಧಿಯ ವ್ಯವಸ್ಥೆಗೆ ಹೊರಳಿತು. ಅದೇ ವರ್ಷದ ಜನವರಿಯಲ್ಲಿ ಮೊದಲ ಬಾರಿಗೆ ಕಣಿವೆಯ ದೇಶದವರೊಬ್ಬರು, ವಿಯೆಟ್ನಾಮಿನ ಫಾಮ್ ತುವಾನ್ ಫಾನ್, ಕಾರ್ಯಾಲಯದ ಮುಖ್ಯಸ್ಥರಾದರು. ಅಲ್ಲಿಯವರೆಗೆ ಆ ಸ್ಥಾನದಲ್ಲಿ ಹೊರಗಿನವರೇ ಇದ್ದರು. 2030ರ ಹೊತ್ತಿಗೆ ಮುಖ್ಯ ಕಾರ್ಯಗಳ ವೆಚ್ಚವನ್ನು ಸದಸ್ಯ ದೇಶಗಳೇ ಭರಿಸಬೇಕೆಂಬ ಗುರಿಯನ್ನು ಇರಿಸಿಕೊಳ್ಳಲಾಗಿದೆ. ಇದರ ಜೊತೆಗೆ 2016ರಲ್ಲಿ ಚೀನಾದ ಮುಂದಾಳುತನದಲ್ಲಿ ಲಾನ್‌ಚಾಂಗ್-ಮೆಕಾಂಗ್ ಸಹಕಾರ ವೇದಿಕೆಯೂ ರೂಪುಗೊಂಡು, ನೆರವಿನ ಭೂಪಟವೇ ಬದಲಾಯಿತು.

ಉಪಸಂಹಾರ

ಮೆಕಾಂಗಿನ ಅನುಭವದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ದಾನಿಗಳ ಹಣವಿಲ್ಲದಿದ್ದರೆ ನದಿಯ ದೀರ್ಘಕಾಲದ ಅಳತೆಗಳು ಇಷ್ಟು ವ್ಯವಸ್ಥಿತವಾಗಿ ಕೂಡಿಬರುತ್ತಿರಲಿಲ್ಲ. ಬದಲಾವಣೆ ಆಗಿದೆಯೆಂದು ಇಂದು ಹೇಳಲು ಸಾಧ್ಯವಾಗಿರುವುದೇ ಆ ಅಳತೆಗಳಿಂದ. ಎರಡನೆಯದಾಗಿ, ಹೊರಗಿನ ನೆರವು ಅರಿವನ್ನು ಕೊಡಬಲ್ಲದೇ ಹೊರತು, ಅರಿತದ್ದನ್ನು ಪಾಲಿಸುವ ಸಂಕಲ್ಪವನ್ನು ಕೊಡಲಾರದು. ಕಣಿವೆಯ ದೇಶಗಳು ವೆಚ್ಚವನ್ನು ತಾವೇ ಹೊರಲು ತೊಡಗಿರುವುದು ಸ್ವಾಗತಾರ್ಹ. ಆದರೆ ಖರ್ಚು ಉಳಿಸುವ ಭರದಲ್ಲಿ ಬೆಸ್ತರನ್ನು ಕೇಳಿ ತಿಳಿಯುವ ಕೆಲಸ ಕೈಬಿಟ್ಟುಹೋಗುವ ಅಪಾಯವೂ ಇದೆ. ಆ ಜ್ಞಾನ ಹಿರಿಯರೊಂದಿಗೆ ಇದೆ. ಮೀನು ಬಾರದ ನೀರಿನಲ್ಲಿ ಅದನ್ನು ಕಿರಿಯರಿಗೆ ಕಲಿಸುವ ಸಂದರ್ಭವೇ ಒದಗುವುದಿಲ್ಲ. ಮಾಪನ ಕೇಂದ್ರ ಕೆಟ್ಟರೆ ಹಣ ಕೊಟ್ಟು ಮತ್ತೊಂದನ್ನು ನಿಲ್ಲಿಸಬಹುದು. ಮರೆತುಹೋದ ಮೀನಿನ ಹೆಸರನ್ನು ಯಾವ ದಾನಿಯೂ ಮರಳಿ ತಂದುಕೊಡಲಾರ.