ವೃದ್ಧಾಪ್ಯ ಮತ್ತು ಮುಂಜಾಗ್ರತೆಯ ಆಕ್ಯುಪೇಷನಲ್ ಥೆರಪಿ

ಆಕ್ಯುಪೇಷನಲ್ ಥೆರಪಿಯಲ್ಲಿ ‘ಉದ್ಯೋಗ’ವೆಂದರೆ ಸಂಬಳದ ದುಡಿಮೆಯಲ್ಲ, ಸ್ನಾನ, ಅಡುಗೆ, ಓಡಾಟ, ಒಡನಾಟ ಮೊದಲಾಗಿ ದಿನವನ್ನು ತುಂಬುವ ಸಮಸ್ತ ಕಾರ್ಯಗಳು. ಕಾಯಿಲೆ ಬೀಳುವ ಮೊದಲೇ ಇದು ವೃದ್ಧರಿಗೆ ನೆರವಾದೀತೇ ಎಂಬುದನ್ನು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫ್ಲಾರೆನ್ಸ್ ಕ್ಲಾರ್ಕ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನಲ್ಲಿ ಪರೀಕ್ಷಿಸಿದರು.

ಸ್ವತಂತ್ರವಾಗಿ ಬಾಳುತ್ತಿದ್ದ, 60 ವರ್ಷ ತುಂಬಿದ 361 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಮೊದಲನೆಯದು ಒಂಬತ್ತು ತಿಂಗಳು ಚಿಕಿತ್ಸಕರೊಡನೆ ಕಲೆತು, ಮನೆಯ ಸುರಕ್ಷತೆ, ಪ್ರಯಾಣ, ಶಕ್ತಿಯ ಮಿತವ್ಯಯಗಳನ್ನು ಅರಿತು ತನ್ನ ದಿನಚರಿಯನ್ನು ಮರುರೂಪಿಸಿಕೊಂಡಿತು. ಎರಡನೆಯದು ಆಟ, ಚಲನಚಿತ್ರ, ಕರಕುಶಲಗಳಲ್ಲಿ ತೊಡಗಿತು. ಮೂರನೆಯದಕ್ಕೆ ಯಾವ ಕಾರ್ಯಕ್ರಮವೂ ಇರಲಿಲ್ಲ.

1997ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ಗುಂಪಿನವರ ಆರೋಗ್ಯ ಹಾಗೂ ಜೀವನತೃಪ್ತಿ ಉಳಿದವರಿಗಿಂತ ಮೇಲಾಗಿದ್ದವು. ಎರಡನೆಯ ಗುಂಪಿಗೆ ಮೂರನೆಯದಕ್ಕಿಂತ ವಿಶೇಷ ಲಾಭವೇನೂ ದೊರೆತಿರಲಿಲ್ಲ. ಹಿರಿಯರನ್ನು ಒಂದೆಡೆ ಸೇರಿಸಿ ಕಾಲ ಕಳೆಯಿಸಿದರಷ್ಟೇ ಸಾಲದು. ತಮ್ಮ ದಿನವನ್ನು ತಾವೇ ರೂಪಿಸಿಕೊಳ್ಳಲು ಅವರಿಗೆ ನೆರವು ಬೇಕು.