ಹೃದಯ ವೈಫಲ್ಯ: ರೋಗದ ಮುಂದಿನ ಗತಿಯನ್ನು ಸೂಚಿಸುವ ರಕ್ತಪರೀಕ್ಷೆಗಳು

ದೇಹಕ್ಕೆ ಅಗತ್ಯವಿರುವಷ್ಟು ರಕ್ತವನ್ನು ಪಂಪು ಮಾಡಲು ಹೃದಯವು ಅಸಮರ್ಥವಾಗುವ ಸ್ಥಿತಿಗೆ ಹೃದಯ ವೈಫಲ್ಯವೆಂದು ಹೆಸರು. ಹೃದಯವು ನಿಂತುಹೋಗಿದೆ ಎಂಬುದು ಇದರ ಅರ್ಥವಲ್ಲ. ಏದುಸಿರು, ಕಾಲುಗಳಲ್ಲಿ ಬಾವು ಹಾಗೂ ಆಯಾಸ ಇದರ ಮುಖ್ಯ ಲಕ್ಷಣಗಳು. ಒಂದೇ ಬಗೆಯ ಲಕ್ಷಣಗಳುಳ್ಳ ಇಬ್ಬರಲ್ಲಿ ಒಬ್ಬರು ಚೇತರಿಸಿಕೊಳ್ಳಬಹುದು, ಇನ್ನೊಬ್ಬರು ಕೆಲವೇ ವಾರಗಳಲ್ಲಿ ಮರಳಿ ಆಸ್ಪತ್ರೆಗೆ ದಾಖಲಾಗಬಹುದು. ಯಾರಿಗೆ ಅಪಾಯ ಹೆಚ್ಚೆಂಬುದನ್ನು ಅಂದಾಜು ಮಾಡಲು ರಕ್ತದಲ್ಲಿನ ಕೆಲವು ಜೈವಿಕ ಸೂಚಕಗಳು ನೆರವಾಗುತ್ತವೆ.

ಪ್ರಮುಖ ಸೂಚಕಗಳು

ಹೃದಯದ ಕೆಳಕೋಣೆಗಳ ಗೋಡೆಯು ಒತ್ತಡದಿಂದ ಹಿಗ್ಗಿದಾಗ ಸ್ನಾಯುಕೋಶಗಳಿಂದ ಉತ್ಪತ್ತಿಯಾಗುವ ಪ್ರೋಟೀನೊಂದು ಬಿಎನ್‌ಪಿ ಮತ್ತು ಎನ್‌ಟಿ-ಪ್ರೊಬಿಎನ್‌ಪಿ ಎಂಬ ಎರಡು ಭಾಗಗಳಾಗಿ ಒಡೆಯುತ್ತದೆ. ಬಿಎನ್‌ಪಿಯು ಉಪ್ಪು ಮತ್ತು ನೀರನ್ನು ಮೂತ್ರದ ಮೂಲಕ ಹೊರಹಾಕಿಸಿ, ರಕ್ತನಾಳಗಳನ್ನು ಹಿಗ್ಗಿಸಿ ಹೃದಯದ ಹೊರೆಯನ್ನು ತಗ್ಗಿಸುತ್ತದೆ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಮೊದಲು ಹಂದಿಯ ಮೆದುಳಿನಲ್ಲಿ ಗುರುತಿಸಿದ್ದರಿಂದ ಇದರ ಹೆಸರಿನಲ್ಲಿ 'ಬ್ರೈನ್' ಎಂಬ ಪದ ಸೇರಿದೆ.

ಹಠಾತ್ತನೆ ಉಸಿರಾಟದ ತೊಂದರೆ ಕಾಣಿಸಿಕೊಂಡವರಲ್ಲಿ ಬಿಎನ್‌ಪಿ ಪ್ರಮಾಣವು ಪ್ರತಿ ಮಿಲಿಲೀಟರಿಗೆ 100 ಪಿಕೋಗ್ರಾಂಗಿಂತ ಅಥವಾ ಎನ್‌ಟಿ-ಪ್ರೊಬಿಎನ್‌ಪಿ 300 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ಕಡಿಮೆ. ರೋಗವು ಖಚಿತವಾದವರಲ್ಲಿ ಪ್ರಮಾಣ ಹೆಚ್ಚಿದಷ್ಟೂ ಮರುದಾಖಲಾತಿ ಹಾಗೂ ಮರಣದ ಅಪಾಯ ಹೆಚ್ಚು. ಆಸ್ಪತ್ರೆಗೆ ಸೇರಿದಾಗಿನ ಪ್ರಮಾಣಕ್ಕಿಂತ ಬಿಡುಗಡೆಯ ವೇಳೆಯ ಪ್ರಮಾಣವು ಹೆಚ್ಚು ಮಹತ್ವದ್ದು. ಚಿಕಿತ್ಸೆಯಿಂದ ಎನ್‌ಟಿ-ಪ್ರೊಬಿಎನ್‌ಪಿ ಶೇ. 30ಕ್ಕಿಂತ ಹೆಚ್ಚು ಇಳಿದಲ್ಲಿ ಅದು ಶುಭಸೂಚಕ. ಇಳಿಯದಿದ್ದಲ್ಲಿ ರೋಗಿಯ ಮೇಲೆ ನಿಕಟ ನಿಗಾ ಅಗತ್ಯ.

ಇತರ ಸೂಚಕಗಳು

• ಟ್ರೋಪೋನಿನ್: ಹೃದಯದ ಸ್ನಾಯುಕೋಶಗಳಿಗೆ ಆದ ಹಾನಿಯನ್ನು ಸೂಚಿಸುತ್ತದೆ.
• ಎಸ್‌ಟಿ2 ಮತ್ತು ಗ್ಯಾಲೆಕ್ಟಿನ್-3: ಹೃದಯದಲ್ಲಿ ನಾರಿನಂಶ ಬೆಳೆದು ಗಡುಸಾಗುವಿಕೆಯೊಂದಿಗೆ ಸಂಬಂಧ ಹೊಂದಿವೆ.
• ಕ್ರಿಯಾಟಿನಿನ್, ಯೂರಿಯಾ, ಸೋಡಿಯಂ, ಹಿಮೋಗ್ಲೋಬಿನ್: ಸಾಮಾನ್ಯ ಪ್ರಯೋಗಾಲಯಗಳಲ್ಲಿಯೂ ಲಭ್ಯವಿರುವ ಈ ಪರೀಕ್ಷೆಗಳು ಸಹ ಮುಂದಿನ ಅಪಾಯವನ್ನು ತಿಳಿಸುತ್ತವೆ.

ಪರೀಕ್ಷೆಗಳ ಮಿತಿ

ವಯಸ್ಸು, ಮೂತ್ರಪಿಂಡದ ಕಾಯಿಲೆ ಹಾಗೂ ಹೃದಯಬಡಿತದ ಏರುಪೇರಿನಿಂದಲೂ ಬಿಎನ್‌ಪಿ ಏರುತ್ತದೆ. ಸ್ಥೂಲಕಾಯರಲ್ಲಿ ರೋಗವಿದ್ದರೂ ಪ್ರಮಾಣ ಕಡಿಮೆ ಕಾಣಬಹುದು. ಸ್ಯಾಕುಬಿಟ್ರಿಲ್-ವಾಲ್ಸಾರ್ಟಾನ್ ಔಷಧಿಯು ಬಿಎನ್‌ಪಿಯ ವಿಘಟನೆಯನ್ನು ತಡೆಯುವುದರಿಂದ, ಅದನ್ನು ಸೇವಿಸುವವರಲ್ಲಿ ಎನ್‌ಟಿ-ಪ್ರೊಬಿಎನ್‌ಪಿ ಪರೀಕ್ಷೆಯೇ ಸೂಕ್ತ. ಕೇವಲ ಈ ಪ್ರಮಾಣವನ್ನು ಆಧರಿಸಿ ಔಷಧಿಗಳನ್ನು ಹೊಂದಿಸುವುದರಿಂದ ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನವು 2017ರಲ್ಲಿ ಪ್ರಕಟವಾದ ಗೈಡ್-ಐಟಿ ಅಧ್ಯಯನದಲ್ಲಿ ಕಂಡುಬರಲಿಲ್ಲ.

ರೋಗಿಗಳ ಗಮನಕ್ಕೆ

• ಹಳೆಯ ವರದಿಗಳನ್ನು ಜೋಪಾನವಾಗಿಟ್ಟು, ಪ್ರತಿ ಭೇಟಿಯಲ್ಲೂ ವೈದ್ಯರಿಗೆ ತೋರಿಸಬೇಕು. ಎರಡು ಬೇರೆ ಬೇರೆ ಪರೀಕ್ಷೆಗಳ ಅಂಕಿಗಳನ್ನು ಪರಸ್ಪರ ಹೋಲಿಸಬಾರದು.
• ವರದಿ ಉತ್ತಮವಾಗಿದೆಯೆಂದು ಔಷಧಿಯನ್ನು ನಿಲ್ಲಿಸಬಾರದು.
• ಮೂರು ದಿನಗಳಲ್ಲಿ ದೇಹತೂಕ 2 ಕಿಲೋಗ್ರಾಂಗಿಂತ ಹೆಚ್ಚಾದಲ್ಲಿ ಅಥವಾ ಏದುಸಿರು ಅಧಿಕವಾದಲ್ಲಿ, ಮುಂದಿನ ರಕ್ತಪರೀಕ್ಷೆಗೆ ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.

ರಕ್ತಪರೀಕ್ಷೆಯು ಅಪಾಯದ ಅಂದಾಜನ್ನು ನೀಡುತ್ತದೆಯೇ ಹೊರತು ವ್ಯಕ್ತಿಯ ಆಯುಸ್ಸನ್ನು ನಿರ್ಧರಿಸುವುದಿಲ್ಲ. ಸಕಾಲಿಕ ಚಿಕಿತ್ಸೆಯಿಂದ ಈ ಅಪಾಯವನ್ನು ತಗ್ಗಿಸಲು ಸಾಧ್ಯ.